ಖಾಲಿ ಜಾಗ ತುಂಬುವ ಮುನ್ನ: ಸಭೆಯಲ್ಲಿ ಯಾರಿಗೆ ಯಾವ ಸೇವೆ

ಆರಾಧನೆ ಮುಗಿಯುವ ಹೊತ್ತಿಗೆ, ಆಶೀರ್ವಾದಕ್ಕೆ ಮುಂಚೆ, ಒಂದು ಪ್ರಕಟಣೆ: ‘ಸಂಡೇ ಸ್ಕೂಲಿಗೆ ಇಬ್ಬರು ಶಿಕ್ಷಕರು ಬೇಕಾಗಿದ್ದಾರೆ, ಮನಸ್ಸಿದ್ದವರು ಸಭಾಪಾಲಕರನ್ನು ಕಾಣಿರಿ.’ ಈ ಕರೆಗೆ ಯಾರು ಬರುತ್ತಾರೆಂದು ಬಹುತೇಕ ಕ್ರೈಸ್ತ ಸಭೆಗಳಲ್ಲಿ ಮುಂಚೆಯೇ ಹೇಳಿಬಿಡಬಹುದು. ಆಗಲೇ ಮೂರು ಕಡೆ ದುಡಿಯುತ್ತಿರುವ ಒಬ್ಬರು ಬರುತ್ತಾರೆ. ‘ಆಗುವುದಿಲ್ಲ’ ಎನ್ನಲು ಬಾಯಿ ಬಾರದ ಇನ್ನೊಬ್ಬರು ಬರುತ್ತಾರೆ. ಮಕ್ಕಳಿಗೆ ಕಲಿಸುವ ವರ, ಅಂದರೆ ಸಭೆಗಾಗಿ ದೇವರು ಕೊಟ್ಟ ಸಾಮರ್ಥ್ಯ, ನಿಜವಾಗಿಯೂ ಇರುವವರು ಮಾತ್ರ ಕೂತಲ್ಲೇ ಕೂತಿರುತ್ತಾರೆ, ಯಾಕೆಂದರೆ ಆ ಮಾತು ತಮ್ಮನ್ನು ಕುರಿತದ್ದೆಂದು ಅವರಿಗೆ ಅನಿಸಿರುವುದೇ ಇಲ್ಲ.

ಇದಕ್ಕೆ ಪರಿಹಾರವೆಂದು ಅನೇಕ ಸಭೆಗಳು ಯಾರಿಗೆ ಯಾವ ವರವಿದೆಯೆಂದು ಕಂಡುಕೊಳ್ಳುವ ಪ್ರಶ್ನಾವಳಿಯನ್ನು ತರಿಸುತ್ತವೆ. ಒಂದು ಭಾನುವಾರ ಎಲ್ಲರ ಕೈಗೂ ಹಾಳೆ ಕೊಟ್ಟು, ತುಂಬಿಸಿ, ಒಟ್ಟುಮಾಡಿ, ಕಪಾಟಿನಲ್ಲಿ ಇಡುತ್ತಾರೆ. ಹೆಚ್ಚಿನ ಕಡೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ತುಂಬಿದ ಹಾಳೆಗೆ ಉತ್ತರ ಬಾರದಿದ್ದರೆ ಹಾಳೆ ಕೊಡದೇ ಇದ್ದಾಗಿನದಕ್ಕಿಂತ ಹೆಚ್ಚು ನೋವಾಗುತ್ತದೆ. ‘ನನ್ನನ್ನು ಕೇಳಿದರು, ನಾನು ಹೇಳಿದೆ, ಯಾರಿಗೂ ಬೇಕಾಗಲಿಲ್ಲ’ ಎಂದು ಅಂದುಕೊಂಡವರನ್ನು ಎರಡನೇ ಸಲ ಕರೆಯುವುದು ಬಹಳ ಕಷ್ಟ.

ಈ ಅಂಕಣದ ವಾದ ಇಷ್ಟು: ಒಬ್ಬರ ವರ ಯಾವುದೆಂದು ಅವರು ಸೇವೆ ಮಾಡುತ್ತಿರುವಾಗ, ಅವರನ್ನು ಪ್ರೀತಿಸಿ ಸತ್ಯ ಹೇಳುವ ನಾಲ್ಕು ಜನ ನೋಡುತ್ತಿರುವಾಗ ಗೊತ್ತಾಗುತ್ತದೆ. ಹಾಗಾಗಿ ಸಭೆಯ ಹಿರಿಯರು ಮಾಡಬೇಕಾದ ಮುಖ್ಯ ಕೆಲಸ, ಅಂಥ ಸಣ್ಣ ಸಣ್ಣ ಅವಕಾಶಗಳನ್ನು ಸಿದ್ಧಪಡಿಸಿ, ಅದಕ್ಕೊಂದು ಆರಂಭ, ಒಂದು ಕೊನೆ, ನಡುವೆ ಒಂದು ಪ್ರಾಮಾಣಿಕ ಮಾತುಕತೆ ಇಡುವುದು.

ಪಟ್ಟಿಗಳು ಏನು ಹೇಳುತ್ತವೆ

ಹೊಸ ಒಡಂಬಡಿಕೆಯಲ್ಲಿ ವರಗಳ ಪಟ್ಟಿ ಒಂದೇ ಇಲ್ಲ. ರೋಮಾಪುರದವರಿಗೆ 12:6–8ರಲ್ಲಿ ಏಳು ವರಗಳಿವೆ: ಪ್ರವಾದನೆ, ಸೇವೆ, ಬೋಧನೆ, ಬುದ್ಧಿಹೇಳಿ ಧೈರ್ಯ ತುಂಬುವುದು, ದಾನ, ಮುಂದಾಳುತನ, ಕರುಣೆ. 1 ಕೊರಿಂಥದವರಿಗೆ 12:8–10ರಲ್ಲಿ ಒಂಬತ್ತು ಇವೆ. ಅದೇ ಅಧ್ಯಾಯದ 28ನೇ ವಚನ ಇನ್ನೊಂದು ಪಟ್ಟಿ ಕೊಡುತ್ತದೆ. ಪರಸಹಾಯವೂ ಕಾರ್ಯನಿರ್ವಹಣೆಯೂ ಕಾಣಿಸಿಕೊಳ್ಳುವುದು ಅಲ್ಲಿ ಮಾತ್ರ. ಎಫೆಸದವರಿಗೆ 4:11 ವರಗಳ ಬದಲು ಜನರನ್ನೇ ವರವಾಗಿ ಹೆಸರಿಸುತ್ತದೆ: ಅಪೊಸ್ತಲರು, ಪ್ರವಾದಿಗಳು, ಸೌವಾರ್ತಿಕರು (ಸುವಾರ್ತೆ ಸಾರುವವರು), ಸಭಾಪಾಲಕರು, ಉಪದೇಶಕರು. 1 ಪೇತ್ರ 4:10–11 ಎಲ್ಲವನ್ನೂ ಎರಡೇ ಪಾಲು ಮಾಡುತ್ತದೆ: ಮಾತಾಡುವವರು, ಸೇವೆ ಮಾಡುವವರು.

ಪೇತ್ರನದನ್ನು ಬಿಟ್ಟರೆ ಉಳಿದ ನಾಲ್ಕೂ ಅಪೊಸ್ತಲ ಪೌಲನ ಪತ್ರಿಕೆಗಳ ಪಟ್ಟಿಗಳು. ಆ ನಾಲ್ಕರಲ್ಲೂ ಕಾಣುವುದು ಪ್ರವಾದನೆ ಒಂದೇ. ಸಂಗೀತ ಯಾವ ಪಟ್ಟಿಯಲ್ಲೂ ಇಲ್ಲ. ಪ್ರಾರ್ಥನಾಸೇವೆಯೂ ಇಲ್ಲ. ಅತಿಥಿಸತ್ಕಾರ ಪೇತ್ರನ ಪತ್ರಿಕೆಯಲ್ಲಿ ಪಟ್ಟಿಗೆ ಒಂದು ವಚನ ಮುಂಚೆ, ಎಲ್ಲರಿಗೂ ಕೊಟ್ಟ ಅಪ್ಪಣೆಯಾಗಿ ಬರುತ್ತದೆ. ಪ್ರಶ್ನಾವಳಿ ತಯಾರಿಸಿದವರು ಇವನ್ನೆಲ್ಲ ಸೇರಿಸಿಕೊಂಡಿದ್ದಾರೆ. ಸೇರಿಸಿದ್ದು ತಪ್ಪೆಂದೇನೂ ಅಲ್ಲ. ಪಟ್ಟಿಗಳು ಒಂದಕ್ಕೊಂದು ಹೊಂದದಿರುವುದೇ ಅವು ಉದಾಹರಣೆಗಳೆಂಬುದಕ್ಕೆ ಸಾಕ್ಷಿ. ವಿಮೋಚನಕಾಂಡ 31 ಮತ್ತು 35ನೇ ಅಧ್ಯಾಯಗಳಲ್ಲಿ ದೇವದರ್ಶನದ ಗುಡಾರ ಕಟ್ಟಿದ ಬೆಚಲೇಲನೂ ಒಹೊಲೀಯಾಬನೂ ದೇವರಿಂದ ಪಡೆದದ್ದು ಚಿನ್ನ, ಮರ, ನೂಲಿನ ಕೈಕೆಲಸದ ಜಾಣ್ಮೆ, ಜೊತೆಗೆ ಅದನ್ನು ಇತರರಿಗೆ ಕಲಿಸುವ ಶಕ್ತಿ. ಧ್ವನಿವರ್ಧಕದ ತಂತಿ ಸರಿಮಾಡುವವರನ್ನು ‘ತಾಂತ್ರಿಕ ಸಹಾಯ’ ಎಂದು ಬದಿಗಿಡುವ ಮುಂಚೆ ಈ ಇಬ್ಬರನ್ನು ನೆನಪಿಸಿಕೊಳ್ಳುವುದು ಒಳ್ಳೆಯದು.

ಸದಸ್ಯರಿಗೆ ತರಗತಿ ನಡೆಸುವುದಾದರೆ ನಾಲ್ಕು ಸಂಗತಿಗಳನ್ನು ಬಿಡಿಸಿ ಹೇಳಬೇಕು. ವರ ಎಂದರೆ ಸಭೆಯ ಭಕ್ತಿವೃದ್ಧಿಗಾಗಿ ಪವಿತ್ರಾತ್ಮನು ಹಂಚಿಕೊಡುವ ಸಾಮರ್ಥ್ಯ. ಕೌಶಲ ಎಂದರೆ ಅಭ್ಯಾಸದಿಂದ ಬಂದದ್ದು. ವರಕ್ಕೆ ಅದು ಕೈಕಾಲು ಕೊಡುತ್ತದೆ. ಫಲ ಎಂದರೆ ಗಲಾತ್ಯದವರಿಗೆ 5:22–23ರ ಒಂಬತ್ತು ಗುಣಗಳು. ಅದು ಎಲ್ಲರಿಂದಲೂ ನಿರೀಕ್ಷಿತ. ಹುದ್ದೆ ಎಂದರೆ ಸಭೆ ವಿಚಾರಿಸಿ ಒಪ್ಪಿಸುವ ಜವಾಬ್ದಾರಿ. ಇವು ಕಲಸಿಹೋದಲ್ಲಿ ಚೆನ್ನಾಗಿ ಮಾತಾಡುವವನು ತಾನಾಗಿಯೇ ಹಿರಿಯನಾಗುತ್ತಾನೆ, ಕೋಪಿಷ್ಠನೊಬ್ಬನ ಒರಟುತನಕ್ಕೆ ‘ಅದು ಅವರ ಪ್ರವಾದನೆಯ ವರ’ ಎಂಬ ಮುಸುಕು ಸಿಗುತ್ತದೆ. ಇನ್ನೊಂದು ಮಾತನ್ನೂ ಸೇರಿಸಿ: ಕರುಣೆಯ ವರ ಕೆಲವರಿಗೆ ಇದೆ, ಕರುಣೆ ತೋರುವ ಕರ್ತವ್ಯ ಎಲ್ಲರಿಗೂ ಇದೆ. ದಾನ, ಸಾಕ್ಷಿ, ನಂಬಿಕೆ, ಸತ್ಕಾರ ಎಲ್ಲಕ್ಕೂ ಹೀಗೆಯೇ. ‘ಅದು ನನ್ನ ವರವಲ್ಲ’ ಎಂದು ಕುರ್ಚಿ ಎತ್ತಿಡಲು ಯಾರೂ ಹಿಂಜರಿಯುವಂತಿಲ್ಲ.

ವಾಣಿಗಳು (ಅರಿಯದ ಭಾಷೆಗಳಲ್ಲಿ ಮಾತಾಡುವ ವರ), ಗುಣಪಡಿಸುವ ವರ, ಪ್ರವಾದನೆ ಇಂದಿಗೂ ಇವೆಯೇ ಎಂಬುದರಲ್ಲಿ ಸಭೆಗಳ ನಡುವೆ ಭಿನ್ನಾಭಿಪ್ರಾಯವಿದೆ. ಹಿರಿಯರು ತಮ್ಮ ಸಭೆಯ ನಿಲುವನ್ನು ತರಗತಿಗೆ ಮುಂಚೆಯೇ ತೀರ್ಮಾನಿಸಿ ಅರ್ಧ ಪುಟದಲ್ಲಿ ಬರೆದಿಡಲಿ. ಇಲ್ಲದಿದ್ದರೆ ಇಡೀ ಗಂಟೆ ಆ ಒಂದು ಚರ್ಚೆಗೇ ಹೋಗುತ್ತದೆ, ಸೇವೆಯ ಮಾತು ಶುರುವೇ ಆಗುವುದಿಲ್ಲ.

ಮೊದಲು ಕೆಲಸದ ಪಟ್ಟಿ, ಆಮೇಲೆ ಜನ

ಹೆಚ್ಚಿನವರು ಜನರಿಂದ ಆರಂಭಿಸುತ್ತಾರೆ. ಕೆಲಸದಿಂದ ಆರಂಭಿಸಿದರೆ ಉತ್ತಮ. ಯಾರಿಗೋ ಕರುಣೆಯ ವರವಿದೆ ಎಂದು ಕಂಡುಕೊಂಡ ಮೇಲೆ ಅವರನ್ನು ಕಳಿಸಲು ಜಾಗವೇ ಇಲ್ಲದಿದ್ದರೆ ಹುಡುಕಿದ್ದಕ್ಕೆ ಅರ್ಥವಿಲ್ಲ.

ಸಭೆಯಲ್ಲಿ ನಡೆಯುವ ಪ್ರತಿ ಸೇವೆಗೂ ಒಂದು ಪುಟ ಬರೆಯಿರಿ. ಅದರಲ್ಲಿ ಇರಬೇಕಾದದ್ದು: ಈ ಸೇವೆಯಿಂದ ಯಾರಿಗೆ ಏನು ಒಳಿತಾಗಬೇಕು, ವಾರಕ್ಕೆ ಎಷ್ಟು ಗಂಟೆ, ಎಷ್ಟು ತಿಂಗಳ ಅವಧಿ, ಯಾರಿಗೆ ಲೆಕ್ಕ ಒಪ್ಪಿಸಬೇಕು, ಯಾವ ವರಕ್ಕೆ ಇದು ಒಗ್ಗುತ್ತದೆ, ಯಾವ ಕೌಶಲ ಬೇಕು, ಯಾವುದನ್ನು ಸಭೆಯೇ ಕಲಿಸುತ್ತದೆ. ಈ ಪುಟವನ್ನು ಈಗ ಆ ಕೆಲಸ ಮಾಡುತ್ತಿರುವವರೇ ಬರೆಯಲಿ. ಸಮಿತಿ ಕೂತು ಬರೆದರೆ ಗಂಟೆಗಳು ಯಾವಾಗಲೂ ಕಡಿಮೆ ಬೀಳುತ್ತವೆ.

ಗಂಟೆಗಳ ಲೆಕ್ಕದಲ್ಲಿ ಮುಚ್ಚುಮರೆ ಬೇಡ. ‘ಸಂಡೇ ಸ್ಕೂಲ್ ಅಂದರೆ ವಾರಕ್ಕೆ ಒಂದು ಗಂಟೆ’ ಎಂದು ಹೇಳಿ ಕರೆಯುತ್ತಾರೆ. ನಿಜವಾದ ಲೆಕ್ಕ ಹೀಗಿರುತ್ತದೆ: ತರಗತಿ 1 ಗಂಟೆ, ಮುಂಚೆ ಬಂದು ಸಜ್ಜುಮಾಡಿ ಕೊನೆಗೆ ಎತ್ತಿಡಲು ಅರ್ಧ ಗಂಟೆ, ಮನೆಯಲ್ಲಿ ಪಾಠದ ತಯಾರಿ 2 ಗಂಟೆ. ವಾರಕ್ಕೆ ಮೂರೂವರೆ, ನಾಲ್ಕು ಭಾನುವಾರಕ್ಕೆ 14. ತಿಂಗಳಿಗೊಮ್ಮೆ ಶಿಕ್ಷಕರ ಸಭೆ 1 ಗಂಟೆ, ಬಾರದ ಮಕ್ಕಳ ಮನೆಗೆ ಫೋನು ಅಥವಾ ಭೇಟಿ 1 ಗಂಟೆ. ಒಟ್ಟು 16 ಗಂಟೆ. ನಾಲ್ಕು ಗಂಟೆಯೆಂದು ನಂಬಿ ಬಂದವರು ಮೂರನೇ ತಿಂಗಳಲ್ಲಿ ಮಾಯವಾದರೆ ಅದು ಅವರ ಸಮರ್ಪಣೆಯ ಕೊರತೆ ಅಲ್ಲ. ಹದಿನಾರು ಎಂದು ಮೊದಲೇ ಹೇಳಿ, ಇಬ್ಬರು ಶಿಕ್ಷಕರು ತಿಂಗಳು ಬಿಟ್ಟು ತಿಂಗಳು ತೆಗೆದುಕೊಳ್ಳುವಂತೆ ಹಂಚಿದರೆ ಒಪ್ಪುವವರು ಸಿಗುತ್ತಾರೆ.

ಪುಟ ಬರೆಯುವಾಗ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ: ಒಂದು ‘ಹುದ್ದೆ’ಯೊಳಗೆ ಮೂರ್ನಾಲ್ಕು ಬಗೆಯ ಕೆಲಸ ಸೇರಿಕೊಂಡಿರುತ್ತದೆ. ರೋಗಿಗಳ ಭೇಟಿಯ ಸೇವೆಯನ್ನೇ ನೋಡಿ. ಯಾರು ಆಸ್ಪತ್ರೆಯಲ್ಲಿದ್ದಾರೆ, ಯಾರು ಯಾವತ್ತು ಹೋಗಬೇಕು ಎಂದು ಪಟ್ಟಿ ಇಡುವುದು ಕಾರ್ಯನಿರ್ವಹಣೆ. ಹಾಸಿಗೆಯ ಪಕ್ಕ ಕೂತು ಅವಸರವಿಲ್ಲದೆ ಕೇಳುವುದು ಕರುಣೆ. ವಾಹನದಲ್ಲಿ ಕರೆದೊಯ್ಯುವುದು, ಊಟ ತಲುಪಿಸುವುದು ಪರಸಹಾಯ. ಕುಗ್ಗಿದವರಿಗೆ ವಾಕ್ಯದಿಂದ ಧೈರ್ಯ ಹೇಳುವುದು ಪ್ರೋತ್ಸಾಹದ ವರ. ಈ ನಾಲ್ಕನ್ನೂ ಒಬ್ಬರ ತಲೆಗೆ ಕಟ್ಟಿದರೆ ಕರುಣೆಯುಳ್ಳವರು ಪಟ್ಟಿ ಇಡಲಾರದೆ ಸೋಲುತ್ತಾರೆ, ಪಟ್ಟಿ ಚೆನ್ನಾಗಿ ಇಡುವವರು ಹಾಸಿಗೆಯ ಪಕ್ಕ ಗಡಿಯಾರ ನೋಡುತ್ತಾರೆ. ಬಿಡಿಸಿ ಕೊಟ್ಟರೆ ನಾಲ್ವರಿಗೂ ಅವರವರ ಜಾಗ ಸಿಗುತ್ತದೆ. ಜನ ಸಿಗುತ್ತಿಲ್ಲ ಎನ್ನುವ ಸೇವೆಗಳಲ್ಲಿ ಬಹುಪಾಲು ಹೀಗೆ ಬಿಡಿಸದೆ ಇಟ್ಟವುಗಳೇ.

ಪ್ರಶ್ನಾವಳಿಯಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ

1970ರ ದಶಕದಿಂದ ಹರಡಿದ ಈ ಹಾಳೆಗಳ ರಚನೆ ಹೆಚ್ಚುಕಡಿಮೆ ಒಂದೇ. ನೂರರ ಆಸುಪಾಸು ಹೇಳಿಕೆಗಳು, ಪ್ರತಿಯೊಂದಕ್ಕೂ ‘ನನಗೆ ಸ್ವಲ್ಪವೂ ಹೊಂದುವುದಿಲ್ಲ’ದಿಂದ ‘ಪೂರ್ತಿ ಹೊಂದುತ್ತದೆ’ವರೆಗೆ ಅಂಕ, ಒಂದೊಂದು ವರಕ್ಕೆ ಸೇರಿದ ಹೇಳಿಕೆಗಳ ಅಂಕ ಕೂಡಿಸಿ, ಮೇಲೆ ಬಂದ ಎರಡು ಮೂರನ್ನು ‘ನಿಮ್ಮ ವರ’ ಎನ್ನುವುದು.

ಇದರ ಮೊದಲ ತೊಡಕು, ಅದು ಅಳೆಯುವುದು ಅನುಭವವನ್ನು. ಹತ್ತು ವರ್ಷ ಸಂಡೇ ಸ್ಕೂಲ್ ನಡೆಸಿದವರಿಗೆ ಬೋಧನೆಯಲ್ಲಿ ಅಂಕ ಬಂದೇ ಬರುತ್ತದೆ, ಮಕ್ಕಳು ಏನೂ ಕಲಿಯದಿದ್ದರೂ. ಹೋದ ತಿಂಗಳು ದೀಕ್ಷಾಸ್ನಾನ ಪಡೆದವರಿಗೆ ಎಲ್ಲದರಲ್ಲೂ ಕಡಿಮೆ ಬರುತ್ತದೆ, ಅವರು ಇನ್ನೂ ಯಾವುದನ್ನೂ ಮಾಡಿ ನೋಡಿಲ್ಲ. ಎರಡನೆಯದು, ಜನ ತಾವು ಇರುವಂತೆ ಬರೆಯದೆ ಇರಬೇಕೆಂದು ಬಯಸುವಂತೆ ಬರೆಯುತ್ತಾರೆ. ‘ದುಃಖದಲ್ಲಿರುವವರನ್ನು ಕಂಡರೆ ನನಗೆ ಮರುಕವಾಗುತ್ತದೆ’ ಎಂಬುದಕ್ಕೆ ಸೊನ್ನೆ ಹಾಕುವ ವಿಶ್ವಾಸಿ ಅಪರೂಪ. ಮೂರನೆಯದು, ದೀನರು ತಮಗೆ ಕಡಿಮೆ ಅಂಕ ಕೊಟ್ಟುಕೊಳ್ಳುತ್ತಾರೆ, ಅದೂ ನಿಜವಾಗಿ ವರವಿರುವ ಕಡೆಯಲ್ಲೇ, ಯಾಕೆಂದರೆ ಆ ಕೆಲಸ ಎಷ್ಟು ಚೆನ್ನಾಗಿ ಆಗಬೇಕೆಂಬುದು ಅವರಿಗೆ ಗೊತ್ತು.

ಹಾಗೆಂದು ಹಾಳೆಯನ್ನು ಬಿಸಾಡಬೇಕಿಲ್ಲ. ಮಾತು ಆರಂಭಿಸಲು ಅದು ಒಳ್ಳೆಯ ನೆಪ. ಅಂಕಗಳಲ್ಲಿ ಎರಡು ಕಡೆ ಮಾತ್ರ ನೋಡಿದರೆ ಸಾಕು. ಒಂದು, ಮೊದಲ ಸ್ಥಾನಕ್ಕೂ ಐದನೆಯದಕ್ಕೂ ಎರಡು ಮೂರು ಅಂಕದ ಅಂತರವಷ್ಟೇ ಇದ್ದರೆ ಆ ಕ್ರಮಕ್ಕೆ ಬೆಲೆ ಕೊಡಬೇಡಿ. ಎರಡು, ತೀರಾ ಕೆಳಗೆ ಬಿದ್ದದ್ದನ್ನು ಗಮನಿಸಿ. ಜನ ತಮಗೆ ಒಗ್ಗದ್ದನ್ನು ಒಗ್ಗುವುದಕ್ಕಿಂತ ಸರಿಯಾಗಿ ಗುರುತಿಸುತ್ತಾರೆ. ಇದರ ಜೊತೆಗೆ ಹತ್ತೇ ಪ್ರಶ್ನೆಗಳ ಚಿಕ್ಕ ಹಾಳೆಯೊಂದನ್ನು ಆ ವ್ಯಕ್ತಿಯನ್ನು ಬಲ್ಲ ಮೂವರಿಗೆ ಕೊಡಿ: ಮನೆಯವರು ಒಬ್ಬರು, ಜೊತೆಯಲ್ಲಿ ಸೇವೆ ಮಾಡಿದವರು ಒಬ್ಬರು, ಅವರಿಂದ ಸಹಾಯ ಪಡೆದವರು ಒಬ್ಬರು. ಸ್ವಂತ ಉತ್ತರಕ್ಕೂ ಈ ಮೂವರ ಉತ್ತರಕ್ಕೂ ವ್ಯತ್ಯಾಸ ಬಂದ ಕಡೆಯಲ್ಲೇ ಮಾತಾಡಬೇಕಾದದ್ದು ಇರುತ್ತದೆ.

ಕೂತು ಮಾತಾಡುವ ಗಂಟೆ

ಹಾಳೆ ಬಂದ ಎರಡು ವಾರದೊಳಗೆ ಪ್ರತಿಯೊಬ್ಬರ ಜೊತೆ 45 ನಿಮಿಷದಿಂದ ಒಂದು ಗಂಟೆ ಮಾತಾಡಬೇಕು. ಇಷ್ಟು ಜನಕ್ಕೆ ಸಮಯ ಕೊಡಲಾಗದೆಂದರೆ ಹಾಳೆಯನ್ನು ಕಡಿಮೆ ಜನಕ್ಕೆ ಕೊಡಿ. ತಿಂಗಳಿಗೆ ಎಂಟು ಜನರಂತೆ ಮಾಡಿದರೂ ವರ್ಷಕ್ಕೆ ತೊಂಬತ್ತಾರು ಜನ ಆಗುತ್ತಾರೆ. ಮಾತಾಡಲು ಇಬ್ಬರಿರಲಿ: ಕೇಳುವವರೊಬ್ಬರು, ಬರೆದುಕೊಳ್ಳುವವರೊಬ್ಬರು. ಸಭಾಪಾಲಕರೇ ಆಗಬೇಕಿಲ್ಲ. ಬಾರ್ನಬನಂಥವರನ್ನು ಹುಡುಕಿ ಇದಕ್ಕೆ ಹಾಕಿ. ಯೆರೂಸಲೇಮಿನ ಶಿಷ್ಯರು, ಮೊದಲು ವಿಶ್ವಾಸಿಗಳನ್ನು ಹಿಂಸಿಸುತ್ತಿದ್ದ, ಮುಂದೆ ಪೌಲನೆನಿಸಿಕೊಂಡ ಸೌಲನಿಗೆ ಹೆದರಿ ದೂರವಿಟ್ಟಾಗ ಅವನನ್ನು ಅಪೊಸ್ತಲರ ಬಳಿಗೆ ಕರೆತಂದವನು ಬಾರ್ನಬ (ಅಪೊಸ್ತಲರ ಕೃತ್ಯಗಳು 9:27). ಮುಂದೆ ಅಂತಿಯೋಕ್ಯದಲ್ಲಿ ಕೆಲಸ ಬೆಳೆದಾಗ ಅವನು ತಾರ್ಸದವರೆಗೂ ಹೋಗಿ ಸೌಲನನ್ನು ಹುಡುಕಿ ತಂದ. ಇಬ್ಬರೂ ಒಂದು ವರ್ಷ ಪೂರ್ತಿ ಅಲ್ಲಿ ಬೋಧಿಸಿದರು (11:25–26). ಇನ್ನೊಬ್ಬರಲ್ಲಿರುವ ವರವನ್ನು ಕಂಡು ಅದಕ್ಕೆ ದಾರಿ ಮಾಡಿಕೊಡುವವರು ಪ್ರತಿ ಸಭೆಯಲ್ಲೂ ಒಬ್ಬಿಬ್ಬರಾದರೂ ಇರುತ್ತಾರೆ.

ಕೇಳಬೇಕಾದ ಪ್ರಶ್ನೆ ‘ನಿಮ್ಮ ವರ ಯಾವುದು?’ ಎಂಬುದಲ್ಲ. ಅದಕ್ಕೆ ಉತ್ತರ ಗೊತ್ತಿದ್ದರೆ ಅವರು ಬರುತ್ತಲೇ ಇರಲಿಲ್ಲ. ಹೀಗೆ ಕೇಳಿ: ಜನ ತಾವಾಗಿ ಬಂದು ನಿಮ್ಮಿಂದ ಯಾವ ಸಹಾಯ ಕೇಳುತ್ತಾರೆ? ಯಾವ ಕೆಲಸ ಮಾಡಿದ ಮೇಲೆ ದೇಹ ದಣಿದರೂ ಮನಸ್ಸು ಹಗುರಾಗಿರುತ್ತದೆ? ಯಾವುದು ಸುಲಭದ ಕೆಲಸವಾದರೂ ನಿಮ್ಮನ್ನು ಹಿಂಡಿಹಾಕುತ್ತದೆ? ಈ ಹಿಂದೆ ಯಾವ ಸೇವೆಯನ್ನು ಬಿಟ್ಟಿರಿ, ಯಾಕೆ? ಈಗ ಮನೆಯಲ್ಲಿ, ದುಡಿಮೆಯಲ್ಲಿ ಪರಿಸ್ಥಿತಿ ಹೇಗಿದೆ, ವಾರಕ್ಕೆ ನಿಜವಾಗಿ ಎಷ್ಟು ಗಂಟೆ ಉಳಿಯುತ್ತದೆ?

ಇವುಗಳ ನಡುವೆ ಒಂದು ಪ್ರಶ್ನೆ ಬೇರೆಲ್ಲಕ್ಕಿಂತ ಹೆಚ್ಚು ಹೇಳಿಕೊಡುತ್ತದೆ: ‘ಭಾನುವಾರ ಒಳಗೆ ಬರುತ್ತಿದ್ದಂತೆ ಏನು ಸರಿಯಿಲ್ಲ ಎಂದು ನಿಮ್ಮ ಕಣ್ಣಿಗೆ ಮೊದಲು ಬೀಳುತ್ತದೆ?’ ಕರುಣೆಯ ವರವಿರುವವರು ಹಿಂದಿನ ಸಾಲಿನಲ್ಲಿ ಒಬ್ಬಳೇ ಕೂತವಳ ಬಗ್ಗೆ ಹೇಳುತ್ತಾರೆ. ಕಾರ್ಯನಿರ್ವಹಣೆಯವರು ಆರಾಧನೆ ತಡವಾಗಿ ಆರಂಭವಾಗುವುದನ್ನು, ಯಾವ ಕೆಲಸ ಯಾರದೆಂದು ಗೊತ್ತಿಲ್ಲದಿರುವುದನ್ನು ಹೇಳುತ್ತಾರೆ. ಬೋಧಕರು ಪ್ರಸಂಗದಲ್ಲಿ ಬಿಡಿಸಿ ಹೇಳದೆ ಉಳಿದ ವಚನವನ್ನು ಎತ್ತುತ್ತಾರೆ. ಸೌವಾರ್ತಿಕರು ಹೊಸಬರು ಯಾಕೆ ಬರುತ್ತಿಲ್ಲ ಎಂದು ಕೇಳುತ್ತಾರೆ. ಪರಸಹಾಯದವರು ಏನೂ ಹೇಳದೆ ಇರಬಹುದು. ಅವರು ಆ ಮುರಿದ ಕುರ್ಚಿಯನ್ನು ಆಗಲೇ ಸರಿಮಾಡಿರುತ್ತಾರೆ. ಹಿರಿಯರಿಗೆ ದೂರಾಗಿ ಕೇಳಿಸುವ ಮಾತಿನ ಬೆನ್ನಲ್ಲಿ ಆಗಾಗ ಒಂದು ವರ ಇರುತ್ತದೆ. ಅಪೊಸ್ತಲರ ಕೃತ್ಯಗಳು 6ರಲ್ಲಿ ಗ್ರೀಕ್ ಮಾತಾಡುವವರ ವಿಧವೆಯರನ್ನು ದಿನದ ಹಂಚಿಕೆಯಲ್ಲಿ ಕಡೆಗಣಿಸುತ್ತಿದ್ದಾರೆಂಬ ದೂರು ಬಂದಾಗ, ಆ ಹಂಚಿಕೆ ನೋಡಿಕೊಳ್ಳಲು ಆರಿಸಿದ ಏಳು ಮಂದಿಯ ಹೆಸರುಗಳೂ ಗ್ರೀಕ್ ಹೆಸರುಗಳೇ.

ಆ ಗಂಟೆಯಲ್ಲಿ ತೀರ್ಮಾನ ಮಾಡಬೇಡಿ. ಎರಡು ಮೂರು ಸೇವೆಗಳ ಪುಟಗಳನ್ನು ಕೈಗೆ ಕೊಟ್ಟು, ಪ್ರಾರ್ಥಿಸಿ, ಮನೆಯವರೊಂದಿಗೆ ಮಾತಾಡಿ ಒಂದು ವಾರದಲ್ಲಿ ತಿಳಿಸಲು ಹೇಳಿ. ಒಂದೇ ಪುಟ ಕೊಟ್ಟರೆ ಅದು ಆಜ್ಞೆಯಂತೆ ಕೇಳಿಸುತ್ತದೆ. ಎಂಟು ಕೊಟ್ಟರೆ ಯಾವುದೂ ಆಯ್ಕೆಯಾಗುವುದಿಲ್ಲ. ಸಂಭಾಷಣೆಯ ಟಿಪ್ಪಣಿಯಲ್ಲಿ ಆರೋಗ್ಯ, ಸಂಸಾರದ ತೊಂದರೆ, ಹಳೆಯ ಸಭೆಯ ಗಾಯಗಳಂಥ ವಿಷಯ ಬಂದರೆ ಅದನ್ನು ಪಟ್ಟಿಗೆ ಸೇರಿಸದೆ ಬೇರೆ ಇಡಿ. ಸೇವೆಯ ಸಂಯೋಜಕರಿಗೆ ಹೋಗಬೇಕಾದದ್ದು ಹೆಸರು, ಸಿಗುವ ಗಂಟೆಗಳು, ಆಸಕ್ತಿ ಇಷ್ಟೇ.

ಹನ್ನೆರಡು ವಾರ

1 ತಿಮೊಥೆಯ 3:10 ಸಭಾಸೇವಕರನ್ನು ಮೊದಲು ಪರೀಕ್ಷಿಸಬೇಕು, ಆಮೇಲೆ ಸೇವೆ ಮಾಡಲಿ ಎನ್ನುತ್ತದೆ. ಈ ಕ್ರಮವನ್ನು ಎಲ್ಲ ಸೇವೆಗೂ ಅನ್ವಯಿಸಬಹುದು. ಮೊದಲ ಎರಡು ವಾರ ಸುಮ್ಮನೆ ಜೊತೆಗಿದ್ದು ನೋಡಲಿ. ಮುಂದಿನ ನಾಲ್ಕು ವಾರ ಒಂದು ಭಾಗ ಮಾಡಲಿ: ಮಕ್ಕಳಿಗೆ ಕಥೆ ಮಾತ್ರ, ಗುಂಪಿನಲ್ಲಿ ಪ್ರಾರ್ಥನೆ ಮಾತ್ರ. ಆಮೇಲೆ ನಾಲ್ಕು ವಾರ ಪೂರ್ತಿ ಅವರೇ ನಡೆಸಲಿ, ಅನುಭವಿಯೊಬ್ಬರು ಹಿಂದೆ ಕೂತಿರಲಿ. ಉಳಿದ ಎರಡು ವಾರ ಮಾತುಕತೆಗೆ ಮತ್ತು ತೀರ್ಮಾನಕ್ಕೆ. ಹನ್ನೆರಡನೇ ವಾರ ಮುಗಿದಾಗ ಈ ಅವಧಿ ತಾನಾಗಿ ಕೊನೆಗೊಳ್ಳುತ್ತದೆ ಎಂದು ಆರಂಭದಲ್ಲೇ ಹೇಳಿರಬೇಕು. ಮುಂದುವರಿಯಲು ಹೊಸದಾಗಿ ‘ಹೌದು’ ಎನ್ನಬೇಕು, ನಿಲ್ಲಲು ಯಾರಿಗೂ ಕಾರಣ ಕೊಡಬೇಕಿಲ್ಲ. ಈ ಒಂದು ನಿಯಮದಿಂದ ಹಿಂಜರಿಯುತ್ತಿದ್ದ ಅನೇಕರು ಮುಂದೆ ಬರುತ್ತಾರೆ. ಒಮ್ಮೆ ಒಪ್ಪಿದರೆ ಸಾಯುವ ತನಕ ಬಿಡುವಂತಿಲ್ಲ ಎಂಬ ಭಯವೇ ಅವರನ್ನು ಹಿಡಿದಿಟ್ಟಿರುತ್ತದೆ.

ಮಾತುಕತೆಯಲ್ಲಿ ಮೂರು ಕಡೆಯಿಂದ ನೋಡಿ. ಸೇವೆ ಮಾಡಿದವರಿಗೆ ಸಂತೋಷವಿತ್ತೇ? ಸೇವೆ ಪಡೆದವರಿಗೆ ಭಕ್ತಿವೃದ್ಧಿಯಾಯಿತೇ? ಜೊತೆಗಾರರು ದೃಢಪಡಿಸುತ್ತಾರೆಯೇ? ಮೊದಲನೆಯದು ಇದ್ದು ಎರಡನೆಯದು ಇಲ್ಲದಿದ್ದರೆ ಅದು ಆಸೆ, ವರವಲ್ಲದಿರಬಹುದು. ಎರಡನೆಯದು ಇದ್ದು ಮೊದಲನೆಯದು ಇಲ್ಲದಿದ್ದರೆ ಅವಸರ ಪಡಬೇಡಿ: ದಣಿವೋ, ಜೊತೆಗಾರರ ಜೊತೆ ಮನಸ್ತಾಪವೋ, ಸಮಯ ಹೊಂದದಿರುವುದೋ ಕಾರಣವಾಗಿರಬಹುದು.

ಇಲ್ಲಿ ಹೆಚ್ಚಾಗಿ ಆಗುವ ತಪ್ಪು, ಕೌಶಲದ ಕೊರತೆಯನ್ನು ವರದ ಕೊರತೆಯೆಂದು ಓದುವುದು. ಹೊಸ ಶಿಕ್ಷಕಿಯ ಧ್ವನಿ ನಡುಗಿತು, ಪಾಠ ಹತ್ತು ನಿಮಿಷಕ್ಕೆ ಮುಗಿಯಿತು, ಮಕ್ಕಳು ಗಲಾಟೆ ಮಾಡಿದರು. ಇವೆಲ್ಲ ಕಲಿಸಿದರೆ ಸರಿಹೋಗುವಂಥವು. ಒಂದು ಮಗು ಮನೆಗೆ ಹೋಗಿ ಆ ಪಾಠವನ್ನು ತನ್ನ ಮಾತಿನಲ್ಲಿ ಹೇಳಿದೆಯೇ ಎಂದು ಹೆತ್ತವರನ್ನು ಕೇಳಿ. ಹೇಳಿದ್ದರೆ ಅಲ್ಲಿ ಬೋಧನೆಯ ವರ ಇದೆ. ಅಪೊಲ್ಲೋಸ ಬೋಧನೆಯಲ್ಲಿ ಬಲ್ಲಿದ, ಶಾಸ್ತ್ರದಲ್ಲಿ ಪ್ರವೀಣ. ಆದರೂ ಅವನಿಗೆ ಗೊತ್ತಿದ್ದದ್ದು ಯೋಹಾನನ ದೀಕ್ಷಾಸ್ನಾನ ಮಾತ್ರ. ಪ್ರಿಸ್ಕಿಲ್ಲಳೂ ಅಕ್ವಿಲನೂ ಅವನನ್ನು ವೇದಿಕೆಯಿಂದ ಇಳಿಸಲಿಲ್ಲ, ತಮ್ಮ ಬಳಿಗೆ ಕರೆದುಕೊಂಡು ಇನ್ನೂ ಸರಿಯಾಗಿ ವಿವರಿಸಿದರು (ಅಪೊಸ್ತಲರ ಕೃತ್ಯಗಳು 18:24–26).

ನಿಜವಾಗಿಯೂ ಒಗ್ಗದಿದ್ದರೆ ನೇರವಾಗಿ, ಏಕಾಂತದಲ್ಲಿ, ಮುಂದಿನ ದಾರಿಯೊಂದನ್ನು ಕೈಯಲ್ಲಿಟ್ಟುಕೊಂಡು ಹೇಳಬೇಕು. ‘ಈ ಹನ್ನೆರಡು ವಾರದಲ್ಲಿ ಮಕ್ಕಳ ಮುಂದೆ ನಿಂತಾಗ ನಿಮಗೂ ಕಷ್ಟ, ಅವರಿಗೂ ಕಷ್ಟ ಆಯಿತು. ಆದರೆ ಸಾಮಾನು ಹೊಂದಿಸಿದ್ದು, ಹಾಜರಿ ಇಟ್ಟದ್ದು, ಬಾರದವರನ್ನು ಗಮನಿಸಿದ್ದು ಬೇರೆ ಯಾರೂ ಮಾಡಿರಲಿಲ್ಲ. ಅದನ್ನೇ ಪೂರ್ತಿ ವಹಿಸಿಕೊಳ್ಳುವಿರಾ?’ ಹೀಗೆ. ಹೇಳದೆ ಸರದಿ ಪಟ್ಟಿಯಿಂದ ಹೆಸರು ಕೈಬಿಡುವುದು ನೋವು ತಪ್ಪಿಸುವ ದಾರಿಯಂತೆ ಕಾಣುತ್ತದೆ. ಅದರಿಂದ ಜನ ಸಭೆಯನ್ನೇ ಬಿಡುತ್ತಾರೆ.

ಒಂದೊಂದು ವರ ಹದಗೆಡುವ ಬಗೆ

ರೋಮಾಪುರದವರಿಗೆ 12:8ರಲ್ಲಿ ಪೌಲ ಕೊನೆಯ ಮೂರು ವರಗಳಿಗೆ ‘ಹೇಗೆ’ ಎಂಬುದನ್ನೂ ಸೇರಿಸುತ್ತಾನೆ: ಕೊಡುವವನು ಉದಾರವಾಗಿ, ಮುಂದಾಳು ಶ್ರದ್ಧೆಯಿಂದ, ಕರುಣೆ ತೋರುವವನು ಸಂತೋಷದಿಂದ. ಸಭೆಯ ಅನುಭವವಿರುವವರಿಗೆ ಈ ಮೂರು ಪದಗಳ ಬೆಲೆ ಗೊತ್ತು. ದಾನ ಕೆಡುವುದು ಕೊಟ್ಟವರು ಹಿಡಿತ ಬಯಸಿದಾಗ. ಹೆಚ್ಚು ಕೊಡುವವರನ್ನು ತಾನಾಗಿಯೇ ಹಣಕಾಸು ಸಮಿತಿಗೆ ಹಾಕುವ ರೂಢಿ ಈ ಕೇಡಿಗೆ ಬಾಗಿಲು ತೆರೆಯುತ್ತದೆ. ದಾನದ ವರ ಹಣವಂತರಿಗೇ ಇರುತ್ತದೆಂಬುದೂ ತಪ್ಪು. ಯಾರಿಗೆ ಏನು ಕೊರತೆಯೆಂದು ಮೊದಲು ತಿಳಿದು, ಇದ್ದುದರಲ್ಲೇ ಸದ್ದಿಲ್ಲದೆ ಕೊಡುವವರಲ್ಲಿ ಅದನ್ನು ಹುಡುಕಿ. ಮುಂದಾಳುತನ ಕೆಡುವುದು ಹುದ್ದೆ ಉಳಿದು ಶ್ರದ್ಧೆ ಹೋದಾಗ. ಕಚೇರಿಯಲ್ಲಿ ದೊಡ್ಡ ಅಧಿಕಾರಿಯಾದವರು ಸಭೆಯಲ್ಲೂ ಮುಂದಾಳಾಗಲೇಬೇಕೆಂದಿಲ್ಲ: ಅಲ್ಲಿ ಸಂಬಳವಿದೆ, ಆಜ್ಞೆಯಿದೆ; ಇಲ್ಲಿ ಸ್ವಇಚ್ಛೆಯಿಂದ ಬಂದವರು ಹಿಂಬಾಲಿಸಬೇಕು. ಹುದ್ದೆ ಇಲ್ಲದೆಯೂ ನಾಲ್ಕು ಜನ ಯಾರ ಮಾತಿಗೆ ಕಾಯುತ್ತಾರೆಂದು ನೋಡಿದರೆ ಗೊತ್ತಾಗುತ್ತದೆ.

ಕರುಣೆಯವರ ಅಪಾಯ ಬೇರೆ. ಅವರು ‘ಸಾಕು’ ಎನ್ನಲಾರರು. ಪ್ರತಿ ಮನೆಯ ದುಃಖವನ್ನೂ ತಮ್ಮ ಮನೆಗೆ ತರುತ್ತಾರೆ, ಆರು ತಿಂಗಳಲ್ಲಿ ಅವರ ಸಂತೋಷವೇ ಬತ್ತುತ್ತದೆ. ಒಬ್ಬರಿಗೆ ಒಂದು ಸಮಯದಲ್ಲಿ ಎರಡು ಮೂರು ಕುಟುಂಬಕ್ಕಿಂತ ಹೆಚ್ಚು ವಹಿಸಬೇಡಿ, ಸಂಖ್ಯೆಯನ್ನು ಅವರ ಪರವಾಗಿ ಸಂಯೋಜಕರು ಕಾಯಲಿ. ಪರಸಹಾಯದ ವರವಿರುವವರೇ ಸಭೆಯಲ್ಲಿ ಹೆಚ್ಚು ಶೋಷಣೆಗೆ ಒಳಗಾಗುವವರು. ಅವರು ಕೇಳುವುದಿಲ್ಲ, ನಿರಾಕರಿಸುವುದಿಲ್ಲ, ಹೆಸರು ಬಯಸುವುದಿಲ್ಲ. ಹೀಗಾಗಿ ಎಲ್ಲರೂ ಎಲ್ಲವನ್ನೂ ಅವರ ಮೇಲೆ ಹಾಕುತ್ತಾರೆ. ಆತ್ಮಗಳನ್ನು ವಿವೇಚಿಸುವ ವರ (ಯಾವುದು ದೇವರಿಂದ ಬಂದದ್ದು, ಯಾವುದು ಅಲ್ಲ ಎಂದು ಗುರುತಿಸುವುದು) ಹದ ತಪ್ಪಿದರೆ ಎಲ್ಲರ ಮೇಲೂ ಸಂಶಯವಾಗುತ್ತದೆ. ಅಂಥವರು ತಮಗೆ ಕಂಡದ್ದನ್ನು ಹಿರಿಯರಿಗಷ್ಟೇ ಹೇಳುವ ಶಿಸ್ತನ್ನು ಮೊದಲು ಕಲಿಯಬೇಕು.

ವರದ ಮಾತು ಬರಬಾರದ ಕಡೆ

ಮಕ್ಕಳ ಸೇವೆ ಮತ್ತು ಕಾಣಿಕೆಯ ಲೆಕ್ಕ, ಈ ಎರಡಕ್ಕೆ ಯಾರ ವರ ಎಷ್ಟೇ ದೊಡ್ಡದಿದ್ದರೂ ನಿಯಮ ಸಡಿಲವಾಗಕೂಡದು. ಮಕ್ಕಳ ಜೊತೆ ಸೇವೆಗೆ ಬರುವವರು ಕನಿಷ್ಠ ಆರು ತಿಂಗಳು ಸಭೆಗೆ ತಪ್ಪದೆ ಬಂದಿರಬೇಕು, ಹಿಂದಿನ ಸಭೆಯಿಂದ ಇಬ್ಬರ ಮಾತು ಪಡೆದಿರಬೇಕು, ಕಾನೂನು ಕೇಳುವ ಹಿನ್ನೆಲೆ ಪರಿಶೀಲನೆ ಆಗಿರಬೇಕು. ಒಂದು ಕೋಣೆಯಲ್ಲಿ ಯಾವಾಗಲೂ ಸಂಬಂಧಿಕರಲ್ಲದ ಇಬ್ಬರು ವಯಸ್ಕರಿರಬೇಕು, ಬಾಗಿಲ ಮೂಲಕ ಹೊರಗಿನಿಂದ ಒಳಗೆ ಕಾಣುವಂತಿರಬೇಕು. ಒಬ್ಬರು ಬಾರದಿದ್ದರೆ ಆ ದಿನ ಎರಡು ತರಗತಿಗಳನ್ನು ಸೇರಿಸಿ. ಕಾಣಿಕೆ ಎಣಿಸಲು ಒಂದೇ ಮನೆಯವರಲ್ಲದ ಇಬ್ಬರು, ಇಬ್ಬರ ಸಹಿ, ಅದೇ ದಿನ ಜಮೆ. ಇದು ಯಾರ ಮೇಲಿನ ಅಪನಂಬಿಕೆಯೂ ಅಲ್ಲ. ಆರೋಪ ಬಂದಾಗ ನಿರ್ದೋಷಿಯನ್ನು ಕಾಯುವುದೂ ಇದೇ ನಿಯಮ.

ಹೊಸ ವಿಶ್ವಾಸಿಗಳ ವಿಷಯದಲ್ಲಿ, ಹೊಸದಾಗಿ ನಂಬಿದವನನ್ನು ನೇಮಿಸಬಾರದೆಂಬ 1 ತಿಮೊಥೆಯ 3:6ರ ಎಚ್ಚರಿಕೆ ಸಭಾಧ್ಯಕ್ಷನ ಹುದ್ದೆಗೆ ಸಂಬಂಧಿಸಿದ್ದು. ಅದನ್ನು ಹಿಡಿದು ಅವರನ್ನು ಎರಡು ವರ್ಷ ಸುಮ್ಮನೆ ಕೂರಿಸಬೇಡಿ. ಸ್ವಾಗತ, ಅಡುಗೆ, ಧ್ವನಿ, ಸಾಗಾಟ ಇವುಗಳಲ್ಲಿ ಮೊದಲ ತಿಂಗಳಿಂದಲೇ ಸೇರಲಿ. ಆ ಏಳು ಮಂದಿಯಲ್ಲಿ ಒಬ್ಬನಾದ ಫಿಲಿಪ್ಪನನ್ನು ಆರಿಸಿದ್ದು ಊಟದ ಹಂಚಿಕೆಗೆ. ಮುಂದೆ ಸಮಾರ್ಯದಲ್ಲಿ ಸುವಾರ್ತೆ ಸಾರಿದವನೂ, ಅಪೊಸ್ತಲರ ಕೃತ್ಯಗಳು 21:8ರಲ್ಲಿ ಸೌವಾರ್ತಿಕನೆಂದು ಕರೆಸಿಕೊಂಡವನೂ ಅವನೇ.

ಕಣ್ತಪ್ಪಿ ಹೋಗುವವರು ಇನ್ನೂ ಇದ್ದಾರೆ. ಮನೆಯಿಂದ ಹೊರಬರಲಾಗದ ವೃದ್ಧರು ವಾರಕ್ಕೆ ಐದು ಫೋನ್ ಕರೆ ಮಾಡಿ ಒಂಟಿಯಾಗಿರುವವರನ್ನು ವಿಚಾರಿಸಬಹುದು. ಪ್ರೋತ್ಸಾಹದ ವರಕ್ಕೆ ಕಾಲು ಬೇಕಿಲ್ಲ. ರಾತ್ರಿ ಪಾಳಿಯವರಿಗೆ ಭಾನುವಾರ ಬೆಳಗ್ಗೆಯ ಸೇವೆ ಒಗ್ಗದು, ವಾರದ ನಡುವೆ ಮಾಡಬಹುದಾದ ಲೆಕ್ಕ, ಬರವಣಿಗೆ, ದುರಸ್ತಿ ಒಗ್ಗುತ್ತದೆ. ಅಂಗವಿಕಲರನ್ನು ಕರುಣೆ ಪಡೆಯುವವರ ಪಟ್ಟಿಯಲ್ಲಷ್ಟೇ ಇಟ್ಟಿರುವ ಸಭೆ, ದೇಹದಲ್ಲಿ ಬಲಹೀನವೆಂದು ತೋರುವ ಅಂಗಗಳು ಅತ್ಯಗತ್ಯವೆಂಬ 1 ಕೊರಿಂಥದವರಿಗೆ 12:22ನ್ನು ಮತ್ತೊಮ್ಮೆ ಓದಬೇಕು.

ಭಾರ ಮತ್ತು ಅವಧಿ

ಒಬ್ಬರಿಗೆ ಒಂದು ಮುಖ್ಯ ಸೇವೆ, ಬೇಕಿದ್ದರೆ ಒಂದು ಚಿಕ್ಕದು. ಮೂರನೆಯದು ಬೇಡ, ಅವರೇ ಕೇಳಿಕೊಂಡು ಬಂದರೂ. ಅವಧಿ ಒಂದು ವರ್ಷ. ಎಂಟು ಹತ್ತು ಜನ ಸೇವಕರಿಗೆ ಒಬ್ಬ ಮುಂದಾಳು. ಮಾವ ಇತ್ರೋನನು ಮೋಶೆಗೆ ಹೇಳಿದ ವ್ಯವಸ್ಥೆಯಲ್ಲೂ ಅತ್ಯಂತ ಕೆಳಗಿನ ಗುಂಪು ಹತ್ತು ಜನರದು (ವಿಮೋಚನಕಾಂಡ 18:21).

ಹಾಗಾದರೆ ಯಾರೂ ಸಿಗದ ಸೇವೆಯನ್ನು ಏನು ಮಾಡುವುದು? ಅದು ಶುಚಿಗೊಳಿಸುವಿಕೆಯಂಥ ಎಲ್ಲರ ಕರ್ತವ್ಯವಾದರೆ ವರವನ್ನು ಹುಡುಕಬೇಡಿ, ಮನೆಗಳ ನಡುವೆ ಸರದಿ ಹಾಕಿ, ಹಿರಿಯರ ಹೆಸರೂ ಅದರಲ್ಲಿರಲಿ. ಅದೊಂದು ಕಾರ್ಯಕ್ರಮವಾಗಿದ್ದು, ಆರು ತಿಂಗಳು ಪ್ರಾರ್ಥಿಸಿ ಹುಡುಕಿದರೂ ನಡೆಸುವವರು ಸಿಗದಿದ್ದರೆ ನಿಲ್ಲಿಸಿ. ಇದನ್ನು ಹೇಳಿದಾಗ ಹಿರಿಯರ ಮುಖ ಬಾಡುತ್ತದೆ, ಯಾಕೆಂದರೆ ಆ ಕಾರ್ಯಕ್ರಮ ಇಪ್ಪತ್ತು ವರ್ಷದಿಂದ ನಡೆದಿರುತ್ತದೆ. ಆದರೆ ವರವಿಲ್ಲದವರನ್ನು ಅಪರಾಧಭಾವದಿಂದ ಹಿಡಿದು ಕೂರಿಸಿ ನಡೆಸುವ ಸೇವೆ, ಅದೇ ಜನ ಚೆನ್ನಾಗಿ ಮಾಡಬಲ್ಲ ಇನ್ನೊಂದು ಸೇವೆಯನ್ನು ಹುಟ್ಟಲು ಬಿಡುವುದಿಲ್ಲ. ಇದಕ್ಕೆ ಎದುರಾಗಿ, ಯಾರೂ ಕೇಳದೆ ಹುಟ್ಟುವ ಸೇವೆಗಳಿಗೂ ಜಾಗ ಇಡಿ. ಯೊಪ್ಪದ ತಬಿಥಳಿಗೆ ವಿಧವೆಯರ ಅಂಗಿ ಹೊಲಿಯುವ ಹುದ್ದೆಯನ್ನು ಯಾವುದಾದರೂ ಸಮಿತಿ ಕೊಟ್ಟಿತೆಂದು ಅಪೊಸ್ತಲರ ಕೃತ್ಯಗಳು 9 ಹೇಳುವುದಿಲ್ಲ. ಯಾರಾದರೂ ಹೊಸ ಸೇವೆಯ ಯೋಚನೆ ತಂದರೆ ಅವರಿಗೂ ಅದೇ ಒಂದು ಪುಟ ಕೊಟ್ಟು ಬರೆದು ತರಲು ಹೇಳಿ, ಅದೇ ಹನ್ನೆರಡು ವಾರ ಕೊಡಿ.

ಇಷ್ಟೆಲ್ಲ ನಡೆಯಲು ಹೆಸರು ಗೊತ್ತಿರುವ ಒಬ್ಬ ಸಂಯೋಜಕರು ಬೇಕು. ಸಮಿತಿಗೆ ವಹಿಸಿದರೆ ಯಾರೂ ಫೋನ್ ಮಾಡುವುದಿಲ್ಲ. ಆಸಕ್ತಿ ತೋರಿಸಿದವರಿಗೆ ಒಂದು ವಾರದೊಳಗೆ ಉತ್ತರ ಹೋಗಬೇಕು, ‘ಈಗ ಜಾಗವಿಲ್ಲ, ಎರಡು ತಿಂಗಳಲ್ಲಿ ಮತ್ತೆ ಕೇಳುತ್ತೇವೆ’ ಎಂದಾದರೂ. ವರ್ಷಕ್ಕೊಮ್ಮೆ, ಅವಧಿ ಮುಗಿಯುವ ಆರು ವಾರ ಮುಂಚೆ, ಪ್ರತಿ ಸೇವಕರನ್ನೂ ಅರ್ಧ ಗಂಟೆ ಕೂರಿಸಿಕೊಂಡು ಮೂರು ದಾರಿಗಳಲ್ಲಿ ಯಾವುದೆಂದು ಕೇಳಿ: ಮುಂದುವರಿಯುವುದು, ಬೇರೆ ಸೇವೆಗೆ ಹೋಗುವುದು, ಒಂದಷ್ಟು ಕಾಲ ವಿಶ್ರಾಂತಿ. ಮೂರನ್ನೂ ಒಂದೇ ಧ್ವನಿಯಲ್ಲಿ ಹೇಳಿ. ವಿಶ್ರಾಂತಿ ಆರಿಸಿದವರ ಹೆಸರನ್ನೂ ಮುಂದುವರಿಯುವವರ ಜೊತೆಗೇ ಆರಾಧನೆಯಲ್ಲಿ ಕೃತಜ್ಞತೆಯಿಂದ ಓದಿ, ಅವರ ಕೆಲಸದ ಪುಟವನ್ನು ಅವರಿಂದಲೇ ತಿದ್ದಿಸಿ ಮುಂದೆ ಬರುವವರ ಕೈಗೆ ಕೊಡಿಸಿ.